ಅಪ್ಪನ ಕಿವಿಗೆ ಕಾರಿನ ಸ್ಪೀಕರು

ನಗಿಸುವ ಚಟ ಇರುವವನಿಗೆ ನಗೆಯ ಹೊತ್ತು ಗೊತ್ತಿರುತ್ತದೆ. ಮಾತು ಮುಗಿದ ಮೇಲೆ ಯಾವಾಗ ನಗೆ ಏಳಬೇಕು, ಯಾರದು ಮೊದಲು ಏಳುತ್ತದೆ, ಯಾರದು ಬರೀ ಮರ್ಯಾದೆಯ ನಗೆ, ಇವೆಲ್ಲ ಬೆನ್ನು ತಿರುಗಿಸಿ ನಿಂತರೂ ತಿಳಿಯುತ್ತವೆ. ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ಒಂದು ಭಾನುವಾರ ಸೋದರತ್ತೆಯ ನಕಲು ಮಾಡಿ ತೋರಿಸುತ್ತಿದ್ದೆ. ಆಕೆ ಭಾಲ್ಕಿಯಲ್ಲಿ ಒಬ್ಬಳೇ ಕೋಣೆಯಲ್ಲಿ ಕೂತು ಫೋನ್ ಮಾಡುವಾಗಲೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗುಟ್ಟು ಹೇಳುತ್ತಾಳೆ. ಅವ್ವ ನಕ್ಕಳು. ಸಂಭಾಜಿನಗರದಿಂದ ಬಂದಿದ್ದ ಅಕ್ಕ ನಕ್ಕಳು. ಅಪ್ಪ ಅವರಿಬ್ಬರ ಮುಖ ನೋಡಿದರು, ಆಮೇಲೆ ನಕ್ಕರು.

ಅದೊಂದು ಸಣ್ಣ ಅಂತರ. ಬೇರೆಯವರಿಗೆ ಕಾಣಲಿಕ್ಕಿಲ್ಲ. ನನಗೆ ಕಂಡಿತು. ನನ್ನ ಮೊದಲ ಪ್ರೇಕ್ಷಕರು ಅಪ್ಪ. ಎಲ್ಲರಿಗಿಂತ ಮುಂಚೆ, ಮಾತು ಮುಗಿಯುವ ಮೊದಲೇ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ಅಲುಗಾಡುತ್ತಿದ್ದವರು. ಈಗ ಬೇರೆಯವರ ನಗು ನೋಡಿ ನಕಲು ಮಾಡುತ್ತಿದ್ದರು. ಮನೆಯಲ್ಲಿ ನಕಲು ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆ.

ಅಪ್ಪ ಬ್ಯಾಂಕಿನಲ್ಲಿದ್ದರು. ಬೀದರ್ ಜಿಲ್ಲೆಯ ಭಾಲ್ಕಿಯಿಂದ ವರ್ಗವಾಗಿ ಇಲ್ಲಿಗೆ ಬಂದು, ಇಲ್ಲಿಯೇ ನಿವೃತ್ತರಾಗಿ, ಇಲ್ಲಿಯೇ ಉಳಿದವರು. ನಾನು ಇಲ್ಲಿಯೇ ಬೆಳೆದವನು. ನನ್ನ ಕನ್ನಡಕ್ಕೆ ಅಕ್ಕ ಇಟ್ಟ ಹೆಸರು ಮಿಸಳ್ ಕನ್ನಡ. ಇಲ್ಲಿಯ ಮಿಸಳ್ ತಿಂಡಿಯ ಹಾಗೆ ಮೇಲೆ ಕುರುಕಲು ಫರಸಾಣ, ಕೆಳಗೆ ಮರಾಠಿ ರಸ. ಆದರೆ ಮನೆಯ ರೀತಿ ಮಾತ್ರ ಭಾಲ್ಕಿಯದೇ. ಅದರಲ್ಲಿ ಮೊದಲನೆಯದು, ಹಿರಿಯರೆದುರು ದನಿ ಎತ್ತಬಾರದು. ಅಪ್ಪ ಅಜ್ಜನ ಮುಂದೆ ಗಟ್ಟಿಯಾಗಿ ಕೆಮ್ಮಿಯೂ ಇರಲಿಲ್ಲವಂತೆ. ನಾವೂ ಹಾಗೆಯೇ. ಸಿಟ್ಟು ಬಂದರೂ 'ರೀ' ಹಚ್ಚಿ ಮೆಲ್ಲಗೆ ಮಾತಾಡುವುದು. ಒಮ್ಮೆ ಕಾಲೇಜಿನ ಗೆಳೆಯನೊಬ್ಬ ಬಂದು, 'ಭಾವು, ತುಮ್ಹಿ ಘರಾತ್ ಭಾಂಡ್ತಾ ಕೀ ಪ್ರಾರ್ಥನಾ ಕರ್ತಾ?' ಎಂದು ಕೇಳಿದ್ದ. ನಾವು ಜಗಳವಾಡುತ್ತೇವೋ ಪ್ರಾರ್ಥನೆ ಮಾಡುತ್ತೇವೋ ಎಂಬುದು ಅವನಿಗೆ ತಿಳಿದಿರಲಿಲ್ಲ.

ಅಂಥ ಮನೆಯಲ್ಲಿ ಒಬ್ಬರಿಗೆ ಕಿವಿ ಮಂದವಾದರೆ ಏನಾಗುತ್ತದೆ? ನಾವು ಮರ್ಯಾದೆಯಿಂದ ಮೆಲ್ಲಗೆ ಹೇಳುತ್ತಿದ್ದೆವು. ಅಪ್ಪ ಮರ್ಯಾದೆಯಿಂದ 'ಹೂಂ' ಎನ್ನುತ್ತಿದ್ದರು. ಯಾರೂ ಯಾರಿಗೂ ತೊಂದರೆ ಕೊಡಲಿಲ್ಲ. ಒಮ್ಮೆ ಟೆಂಪೋದಲ್ಲಿ ಬಂದ ಉಳ್ಳಾಗಡ್ಡಿ ಮಾರುವವನ ಏನೋ ಪ್ರಶ್ನೆಗೂ 'ಹೂಂ' ಎಂದಿದ್ದರಿಂದ ಒಂದು ಗೋಣಿ ಉಳ್ಳಾಗಡ್ಡಿ ನಮ್ಮ ಪಡಸಾಲೆಯಲ್ಲಿ ಇಳಿಯಿತು. ತಿಂಗಳುಗಟ್ಟಲೆ ಮನೆಯಲ್ಲಿ ಉಳ್ಳಾಗಡ್ಡಿ ಪಲ್ಯ, ಉಳ್ಳಾಗಡ್ಡಿ ಝುಣಕ, ಉಳ್ಳಾಗಡ್ಡಿ ಥಾಲಿಪೀಠ. ಅದನ್ನೂ ನಾನು ಮಾಡಿ ತೋರಿಸಿ ನಗಿಸಿದೆ. ಅಪ್ಪನೂ ನಕ್ಕರು, ತಡವಾಗಿ.

ಒಮ್ಮೆ ಹೇಗೋ ಅಪ್ಪನನ್ನು ನಾಸಿಕ್‌ನ ಒಬ್ಬ ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಿದ್ದೆವು. ಪರೀಕ್ಷೆ ಮಾಡಿಸಿ ಕಿವಿಗೆ ಮಿಷನ್ ಹಾಕಿಕೊಳ್ಳಬೇಕು, ತಡ ಮಾಡಿದಷ್ಟೂ ಮಾತನ್ನು ಗುರುತು ಹಿಡಿಯುವುದೇ ತಲೆಗೆ ಮರೆತುಹೋಗುತ್ತದೆ ಎಂದು ಅವರು ನನಗೆ ಹೇಳಿದರು. ಅಪ್ಪ ಪರೀಕ್ಷೆಯ ಕೋಣೆಗೆ ಕಾಲಿಡದೆ ಹೊರಗೆ ಬಂದರು.

'ನನಗ ಎಲ್ಲಾ ಕೇಳಸ್ತದ. ನೀವೇ ಬಾಯಾಗ ಗೊಣಗೊಣ ಅಂತೀರಿ,' ಎಂದರು.

ಅದು ನಿಜವೂ ಆಗಿತ್ತು ಎಂಬುದೇ ಕಷ್ಟ.

ಆಮೇಲೆ ಅವ್ವ ಬಿದ್ದಳು. ಹಗಲು ಹೊತ್ತು, ಬಚ್ಚಲಲ್ಲಿ ಕಾಲು ಜಾರಿ, ಕೈ ಕೆಳಗೆ ಸಿಕ್ಕಿ. ನಾನು ಕೆಲಸದ ಮೇಲೆ ದಿಂಡೋರಿಯ ದ್ರಾಕ್ಷಿ ತೋಟಗಳಲ್ಲಿದ್ದೆ. ಅಪ್ಪ ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಅವ್ವ ಕರೆದಳು. ಆಕೆಗೆ ಕರೆಯಲು ಬರುವುದು ಒಂದೇ ಶಬ್ದ, 'ರೀ'. ಆ ಒಂದೇ ಶಬ್ದವನ್ನು ಎಷ್ಟೋ ಹೊತ್ತು ಕರೆದಳು. ಕೊನೆಗೆ ಕೇಳಿಸಿಕೊಂಡು ಓಡಿ ಬಂದದ್ದು ಮೇಲಿನ ಮನೆಯ ಮಾವಶಿ. ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ದಡಬಡ ಒಳನುಗ್ಗಿದ ಮಾವಶಿಯನ್ನು ಅಪ್ಪ ಕನ್ನಡಕದ ಮೇಲಿನಿಂದ ನೋಡಿ, ಸಕ್ಕರೆಯೋ ಮೊಸರೋ ಕೇಳಲು ಬಂದಿರಬೇಕೆಂದು, 'ಆಕಿ ಒಳಗ ಅದಾಳ' ಎಂದು ನಕ್ಕು ಪೇಪರಿನ ಹಾಳೆ ತಿರುಗಿಸಿದರಂತೆ.

ಅವ್ವನ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಸಂಜೆ ನನ್ನನ್ನೂ ಅಕ್ಕನನ್ನೂ ಅಡುಗೆಮನೆಗೆ ಕರೆದು, 'ನಾ ಕರದಿದ್ದೆ ಅಂತ ಅವ್ರಿಗೆ ಹೇಳಬ್ಯಾಡ್ರಿ. ತಿಳಿದ್ರ ಅನ್ನ ಬಿಡ್ತಾರ,' ಎಂದಳು. ಬಿದ್ದಳು, ಅಷ್ಟರಲ್ಲಿ ಮಾವಶಿ ಬಂದಳು ಎಂದಷ್ಟೇ ಅಪ್ಪನಿಗೆ ತಿಳಿಸಲಾಯಿತು. 'ದೇವರು ಕಳಿಸಿದಂಗ ಬಂದ್ಳು ನೋಡು,' ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳುವಾಗಲೆಲ್ಲ ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದೆ.

ಕಾರಿನ ವಿಷಯ ಇಲ್ಲಿಂದ ಶುರು. ನಾನು ದ್ರಾಕ್ಷಿ ಬೆಳೆಗೆ ಔಷಧಿ ಮಾರುವ ಕಂಪನಿಯೊಂದರಲ್ಲಿದ್ದೇನೆ. ತಿರುಗಾಟಕ್ಕೆಂದು ಕಂಪನಿ ಲೀಸಿನ ಮೇಲೆ ಒಂದು ಬಿಳಿ ಕಾರು ಕೊಟ್ಟಿತ್ತು. ನನ್ನದೇ ಎಂಬಂತೆ ಓಡಿಸುತ್ತಿದ್ದೆ. ಗೆಳೆಯರ ಮುಂದೆ 'ನಮ್ಮ ಗಾಡಿ' ಎನ್ನುತ್ತಿದ್ದೆ. ಗಾಡಿಗೆ ಮಾತು ಬಂದಿದ್ದರೆ ಅಲ್ಲೇ ನನ್ನ ಮಾನ ಕಳೆಯುತ್ತಿತ್ತು. ಅವ್ವನ ಕೈ ತೋರಿಸಿಕೊಂಡು ಬರುತ್ತಿದ್ದ ಒಂದು ದಿನ ಗಾಜು ಏರಿಸಿ, ಸ್ಟೀರಿಯೊದಲ್ಲಿ ಮರಾಠಿ ವಾರ್ತೆ ಹಚ್ಚಿದ್ದೆ. ಅಪ್ಪ ಮುಂದಿನ ಸೀಟಿನಲ್ಲಿದ್ದರು. ಹಠಾತ್ತನೆ, 'ಇಂವ ಛಂದ ಓದ್ತಾನ,' ಎಂದರು.

ನಾನು ಗಾಡಿಯನ್ನು ಬದಿಗೆ ತೆಗೆದುಕೊಂಡೆ. ಅಪ್ಪನಿಗೆ ಮಾತು ಕೇಳಿಸಿತ್ತು! ಮುಚ್ಚಿದ ಗಾಜು, ಬಾಗಿಲಲ್ಲೇ ಸ್ಪೀಕರು, ಬಿಡಿಬಿಡಿಯಾಗಿ ಓದುವ ಮನುಷ್ಯ. ಆಗ ತಲೆಯಲ್ಲಿ ಹೊಳೆದದ್ದು ಇದು: ಅಪ್ಪನಿಗೆ ನಾನು ಒದರುವ ಹಾಗಿಲ್ಲ. ಕಾರು ಒದರಿದರೆ ಯಾರ ಮರ್ಯಾದೆ ಹೋಗುತ್ತದೆ? ನಾನು ಕಾಲರಿಗೆ ಮೈಕ್ ಸಿಕ್ಕಿಸಿಕೊಂಡು ಭಾಲ್ಕಿಯ ರೀತಿಯಲ್ಲೇ ಮೆಲ್ಲಗೆ ಹೇಳುತ್ತೇನೆ. ಸ್ಪೀಕರು ತನ್ನ ರೀತಿಯಲ್ಲಿ ಹೇಳಲಿ. ಒಮ್ಮೆ ಮಾತು ಒಳಗೆ ಹೋಗಲು ಶುರುವಾದರೆ, ಕಿವಿಯ ಪರೀಕ್ಷೆಗೆ ಬನ್ನಿ ಎಂಬ ಮಾತನ್ನೂ ಅದೇ ದಾರಿಯಲ್ಲಿ ಕಳಿಸಬಹುದು.

ತೊಡಕು ಒಂದೇ, ಕಾರು ನನ್ನದಲ್ಲ. ತೂತು ಹಾಕುವಂತಿಲ್ಲ, ವೈರ್ ಕತ್ತರಿಸುವಂತಿಲ್ಲ, ಅಂಟು ಹಚ್ಚುವಂತಿಲ್ಲ. ಬಂದ ಹಾಗೆ ಹಿಂದಿರುಗಿಸಬೇಕು. ಕಾರು ಅಲಂಕಾರದ ಅಂಗಡಿಯವನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಅರ್ಧ ಕೇಳಿ, 'ಬೇಸ್ ಪಾಹಿಜೆ ನಾ? ಟೆನ್ಶನ್ ನಕೋ ಘೇಊ,' ಎಂದ, ಗುಡುಗುವ ಕೆಳದನಿ ತಾನೆ ಬೇಕು, ಚಿಂತೆ ಬಿಡಿ ಎಂದು. ಅವನ ಪ್ರಕಾರ ಒಳ್ಳೆಯ ಸದ್ದು ಎಂದರೆ ಪಕ್ಕದ ಗಾಡಿಯ ಗಾಜು ನಡುಗಬೇಕು. ನಾನೂ ಅದೇ ಜಾತಿಯವನು, ತಲೆಯಾಡಿಸಿದೆ.

ಕೆಲಸವನ್ನಂತೂ ಅವನು ನಾಜೂಕಾಗಿ ಮಾಡಿದ. ಬಾಗಿಲ ಪ್ಯಾನೆಲ್ ಬಿಚ್ಚಿ, ಹಳೆಯ ಸ್ಪೀಕರು ತೆಗೆದು, ಅದೇ ತೂತಿಗೆ, ಅದೇ ಸ್ಕ್ರೂಗೆ ಹೊಸದನ್ನು ಕೂರಿಸಿದ. ಸ್ಟೀರಿಯೊದ ಹಿಂದೆ ಕಂಪನಿಯ ವೈರು, ಹೊಸ ವೈರು ಎರಡರ ನಡುವೆ ಒಂದು ಕಪ್ಲರ್. ಚುಚ್ಚಿದರೆ ಕೂರುತ್ತದೆ, ಎಳೆದರೆ ಬಿಡುತ್ತದೆ, ಕತ್ತರಿಗೆ ಕೆಲಸವೇ ಇಲ್ಲ. ಆಂಪ್ಲಿಫೈಯರನ್ನೂ, ಚಪ್ಪಟೆಯ ಬೇಸ್ ಪೆಟ್ಟಿಗೆಯನ್ನೂ ಸೀಟಿನ ಕೆಳಗೆ ಪಟ್ಟಿ ಬಿಗಿದು ನಿಲ್ಲಿಸಿದ. ಬ್ಯಾಟರಿಯ ವೈರು ಮೊದಲೇ ಇದ್ದ ರಬ್ಬರ್ ಬುಚ್ಚಿನ ಸಂದಿಯಲ್ಲಿ ಒಳಗೆ ಬಂತು. ಹಳೆಯ ಸ್ಪೀಕರುಗಳನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದಿಟ್ಟೆ. ಮೈಕು ಮತ್ತು ಅದರ ಸದ್ದು ಹೆಚ್ಚುಕಡಿಮೆ ಮಾಡುವ ಅಂಗೈಯಗಲದ ಮಿಕ್ಸರ್ ಆರ್ಕೆಸ್ಟ್ರಾದ ಗೆಳೆಯನದು. ಅದನ್ನು ಸ್ಟೀರಿಯೊಗೆ ಜೋಡಿಸಿಕೊಂಡೆ.

ಸಂಜೆ ಅಪ್ಪನನ್ನು ಕೂರಿಸಿಕೊಂಡು ಪಾಂಡವಲೇಣಿ ಗುಡ್ಡದ ಕೆಳಗೆ ಹೋಗಿ ನಿಲ್ಲಿಸಿದೆ. ಗಾಜು ಏರಿಸಿದೆ. ಮೈಕು ಕಾಲರಿಗೆ ಸಿಕ್ಕಿಸಿಕೊಂಡೆ.

'ಅಪ್ಪಾ, ನನ್ನ ಮಾತು ಕೇಳಸ್ಲತ್ತದೇನ್ರಿ?'

ಸೀಟು ಗುಡುಗಿತು. ಅಪ್ಪ ಬೆಚ್ಚಿ ಸೀಟಿನ ಅಂಚು ಹಿಡಿದುಕೊಂಡು ಕೆಳಗೆ ಬಗ್ಗಿ ನೋಡಿದರು. 'ಏನೋ ಬಡೀಲತ್ತದ. ಇಂಜಿನ್ ನೋಡಸು,' ಎಂದರು.

ನಾನು ಸದ್ದು ಏರಿಸಿದೆ. ಆಗ ಮೈಕು ಸ್ಪೀಕರಿನ ದನಿಯನ್ನು ಹಿಡಿದು ಸ್ಪೀಕರಿಗೇ ಕೊಟ್ಟು, ಕಾರಿನ ತುಂಬ 'ಕುಂಯ್ಯ್ಯ್' ಎಂದು ಚೀರಾಟ ಎದ್ದಿತು. ಹಲ್ಲಿನ ಬೇರಿಗೆ ಸೂಜಿ ಚುಚ್ಚಿದ ಹಾಗೆ. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಹೊರಗೆ ಭೇಳ್ ತಿನ್ನುತ್ತಿದ್ದವರು ತಿರುಗಿ ನೋಡಿದರು, ಗಾಡಿಯ ಪಕ್ಕದಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು.

ಅಪ್ಪ ಕಿಟಕಿಯಿಂದ ಗುಡ್ಡ ನೋಡುತ್ತಿದ್ದರು. ಆರಾಮಾಗಿ. ಆ ಚೀರಾಟದ ನಡುವೆ, ಕಾಲಿನ ಮೇಲೆ ಕಾಲು ಹಾಕಿಕೊಂಡು. 'ಗಾಳಿ ಛಲೋ ಬರ್ತದ ನೋಡು ಇಲ್ಲಿ,' ಎಂದರು, ಗಾಜು ಪೂರಾ ಏರಿಸಿದ ಕಾರಿನೊಳಗೆ.

ನಾಯಿಯನ್ನು ಓಡಿಸಿದ ಸದ್ದು ಅವರನ್ನು ಮುಟ್ಟಲೇ ಇಲ್ಲ. ನಾನು ಸ್ವಿಚ್ ಆರಿಸಿದೆ. ಕಿವಿ ಮಂದ ಎಂದರೆ ಎಲ್ಲ ಸದ್ದೂ ಸ್ವಲ್ಪ ಸ್ವಲ್ಪ ಕಡಿಮೆ ಎಂದು ತಿಳಿದಿದ್ದೆ. ಹಾಗಲ್ಲ. ಗುಡುಗು ಹೋಗುತ್ತಿತ್ತು, ಸಣ್ಣ, ಚೂಪಾದ ಸದ್ದುಗಳು ಹೋಗುತ್ತಿರಲಿಲ್ಲ. ಮಾತನ್ನು ಮಾತು ಮಾಡುವ ಸದ್ದುಗಳು ಅವೇ. ನಾನೋ ಬೇಸ್ ಪೆಟ್ಟಿಗೆ ತಂದು ಕೂರಿಸಿದ್ದೆ!

ಮಾರನೆಯ ದಿನ ಬೇಸ್ ಪೆಟ್ಟಿಗೆ ಹಿಂದಿರುಗಿಸಿದೆ. ಅಂಗಡಿಯವನು ನನ್ನನ್ನು ರೋಗಿಯಂತೆ ನೋಡಿದ. ಆಮೇಲಿನ ಸಂಜೆಗಳು ಪ್ರಯೋಗದವು. ಸ್ಟೀರಿಯೊದಲ್ಲಿ ಕೆಳದನಿ ಇಳಿಸು, ನಡುದನಿ ಏರಿಸು, ಮೈಕನ್ನು ತುಟಿಗೆ ಹತ್ತಿರ ತಾ. ನನ್ನ ದನಿ ಯಾಕೋ ದಾಟಲಿಲ್ಲ. ನಾನು ಮಾತಾಡುವುದೇ ಒಂದರ ಮೇಲೊಂದು ಬಿದ್ದು, ಮಿಸಳ್ ಅಲ್ಲವೆ? ಹಾಗಾದರೆ ಬೇರೆಯವರ ದನಿ ಕಳಿಸಿ ನೋಡೋಣ ಎಂದುಕೊಂಡೆ. ನನ್ನ ಹತ್ತಿರ ಅವಕ್ಕೇನು ಕೊರತೆ! ಮೈಕಿನೊಳಗೆ ನಮ್ಮ ಏರಿಯಾ ಮ್ಯಾನೇಜರ್ ಹೋದ. ದಿಂಡೋರಿಯ ರೈತ ಹೋದ. ತ್ರ್ಯಂಬಕೇಶ್ವರದ ಜೀಪಿನ ಏಜೆಂಟ್ ಹೋದ. ಸೋದರತ್ತೆ ಸೆರಗಿನ ಹಿಂದಿನಿಂದ ಹೋದಳು. ಅಪ್ಪ ಎಲ್ಲರಿಗೂ ಸಮನಾಗಿ 'ಹೂಂ' ಎಂದರು.

ಕೊನೆಗೆ, ಬೇಜಾರಿನಲ್ಲಿ, ಅಪ್ಪನ ಹಳೆಯ ಬ್ರ್ಯಾಂಚ್ ಮ್ಯಾನೇಜರರ ದನಿ ತೆಗೆದೆ. ಅವರು ಒಂದೊಂದು ಶಬ್ದವನ್ನೂ ಠಸ್ಸೆ ಹೊಡೆದು ಕೌಂಟರಿನ ಮೇಲಿಟ್ಟ ಹಾಗೆ ಮಾತಾಡುತ್ತಿದ್ದರು.

'ನೋಡ್ರಿ. ನಿಮ್ಮ. ಕ್ಯಾಶ್. ಟ್ಯಾಲಿ. ಆಯ್ತೇನು?'

ಅಪ್ಪನ ಬೆನ್ನು ನೆಟ್ಟಗಾಯಿತು. 'ಆಯ್ತ್ರಿ ಸಾಹೇಬ್ರ,' ಎಂದರು. ಎಂದವರೇ ನನ್ನ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ಅಲುಗಾಡತೊಡಗಿದರು. ಬೇರೆ ಯಾರ ನಗುವಿಗೂ ಕಾಯದೆ. ಸರಿಯಾದ ಹೊತ್ತಿಗೆ.

ಅಂದಿನಿಂದ ಸಂಜೆಯಾದರೆ ಅಪ್ಪನೇ, 'ಗಾಡ್ಯಾಗ ಕೂಡೂಣೇನು?' ಎನ್ನುತ್ತಿದ್ದರು. ನಿಂತ ಕಾರಿನಲ್ಲಿ ನಾವಿಬ್ಬರು, ಗಾಜು ಏರಿಸಿಕೊಂಡು. ಸಾಹೇಬರು ಕೇಳುವುದು, ಅಪ್ಪ ಜವಾಬು ಕೊಡುವುದು. ಗ್ಯಾಲರಿಯಲ್ಲಿ ಪ್ಲಾಸ್ಟರಿನ ಕೈ ಎದೆಗಾನಿಸಿಕೊಂಡು ಅವ್ವ ನಿಂತು ನೋಡುತ್ತಿದ್ದಳು. ನಮಗೆ ಹುಚ್ಚು ಹಿಡಿದಿದೆ ಎಂದು ಮಾವಶಿ ಸಮಾಧಾನ ಹೇಳುತ್ತಿದ್ದಳಂತೆ.

ಆದರೆ ನಾನು ಹೇಳಬೇಕಾದ ಮಾತು ಸಾಹೇಬರ ದನಿಯಲ್ಲಿ ಹೇಳುವ ಮಾತಾಗಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, 'ನಿಮ್ಮ. ಕಿವಿ. ತೋರಿಸ್ರಿ,' ಎಂದೆ. ಅಪ್ಪ ಇನ್ನಷ್ಟು ನಕ್ಕರು. ಅದೂ ಆಟದ ಭಾಗವಾಯಿತು. ಅವರೊಳಗೆ ಹೋಗುವ ದನಿ ಸಿಕ್ಕಿತ್ತು, ಅದು ನಗೆಯ ದನಿ. ನನ್ನದು ಬಾಗಿಲ ಹೊರಗೇ ಇತ್ತು.

ಅಷ್ಟರಲ್ಲಿ ಕಂಪನಿ ನಮ್ಮ ದರ್ಜೆಯವರ ಕಾರುಗಳನ್ನೆಲ್ಲ ವಾಪಸು ಕರೆಸಿತು. ಸಂಭಾಜಿನಗರದ ಆಫೀಸಿಗೆ ತಂದು ಒಪ್ಪಿಸಬೇಕು. ನಾನು ಅಕ್ಕನಿಗೆ ಫೋನ್ ಮಾಡಿ ಕಾರು ಹೋಗುವುದನ್ನು ಹೇಳಿದೆ. ಅವಳು ಇನ್ನೊಂದು ಯೋಚಿಸಿದಳು.

'ಅಪ್ಪಗ ಸಂಗಟ ಕರಕೊಂಡು ಬಾ. ಮಗಳ ಮನಿಗಿ ಅಂತ ಹೇಳು. ಇಲ್ಲಿ ಕಿವಿ ಟೆಸ್ಟಿಗಿ ಸಂಜಿ ಟೈಮ್ ತೊಗೋತೀನಿ. ಹಾದ್ಯಾಗ ನೀ ಹೇಳಿ ಒಪ್ಪಸು.'

'ನಾ ಹ್ಯಾಂಗ ಹೇಳ್ಲಿ ಅಕ್ಕಾ?'

'ಊರೆಲ್ಲರ ದನಿ ತೆಗೀತಿ, ನಿಂದೊಂದು ತೆಗಿಲಾಕ ಏನಾಗ್ತದ?' ಎಂದು ಫೋನ್ ಇಟ್ಟಳು.

ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಪೇಪರಿನಲ್ಲಿ ಸುತ್ತಿದ ಹಳೆಯ ಸ್ಪೀಕರುಗಳು, ಸ್ಕ್ರೂಡ್ರೈವರ್, ಅವ್ವ ಎಡಗೈಯಲ್ಲೇ ಕಟ್ಟಿ ಕೊಟ್ಟ ಬುತ್ತಿ. ನಿಫಾಡ್ ದಾಟುವವರೆಗೆ ನಾನು ಬರೀ ಗಂಟಲು ಸರಿಮಾಡಿಕೊಂಡೆ. ಎಕ್ಸಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಸೊಳ್ಳೆಯ ಹಾಗೆ ಒಂದು ಸಣ್ಣ ಗುಂಯ್ ಏರುತ್ತಿತ್ತು. ಎಲ್ಲೋ ಅರ್ಥಿಂಗ್ ಸಡಿಲಾಗಿತ್ತು. ಅದು ನನಗೆ ಮಾತ್ರ ಕೇಳುವ ಸೊಳ್ಳೆ.

'ಅಪ್ಪಾ, ನಿಮಗೊಂದು ಮಾತು ಹೇಳೂದದ ರೀ,' ಎಂದೆ, ನನ್ನದೇ ದನಿಯಲ್ಲಿ, ಮೈಕು ತುಟಿಗೆ ತಂದು.

'ಹೂಂ. ಹಾದಿ ಛಲೋ ಆಗೇದ ಈಗ,' ಎಂದರು.

'ಅವ್ವ ಬಿದ್ದಳಲ್ರಿ, ಅವತ್ತು...'

'ಹೂಂ. ಇಲ್ಲೆಲ್ಲಾ ಮೊದಲ ಬರೇ ಧೂಳ ಇತ್ತು.'

ಯೇವಲಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅಲ್ಲಿ ಮೈಕೂ ಇಲ್ಲ, ಗಾಜೂ ಇಲ್ಲ. ಲಾರಿಗಳ ಹಾರ್ನಿನ ನಡುವೆ ಅಪ್ಪ ನನ್ನ ತುಟಿಯನ್ನೇ ನೋಡುತ್ತ, ನಾನು ಏನೂ ಹೇಳದಿದ್ದಾಗಲೂ ತಲೆಯಾಡಿಸುತ್ತ ಕೂತಿದ್ದರು. ಮತ್ತೆ ಗಾಡಿ ಹತ್ತಿದ ಕೂಡಲೇ ಬೆಲ್ಟ್ ಹಾಕಿಕೊಂಡು, ಹಬ್ಬಕ್ಕೆ ಕೂತವರಂತೆ, 'ಸಾಹೇಬ್ರಿಗಿ ಕರಿ,' ಎಂದರು.

ಕರೆದೆ. ವೈಜಾಪುರದವರೆಗೆ ಸಾಹೇಬರು ಬ್ಯಾಂಕಿನ ಹಳೆಯ ಜನರನ್ನೆಲ್ಲ ವಿಚಾರಿಸಿದರು. ಅಪ್ಪ ಎಷ್ಟೊಂದು ಮಾತಾಡಿದರು! ಸತ್ತವರು, ವರ್ಗವಾದವರು, ಡಬ್ಬಿಯಲ್ಲಿ ದಿನಾ ಖಾರಬ್ಯಾಳಿ ತರುತ್ತಿದ್ದವರು. ಇಷ್ಟು ಮಾತು ಇವರೊಳಗೆ ಕೂತಿತ್ತೇ ಎಂದು ನನಗೆ ಅಳು ಬಂತು. ಈಗಲೇ ಎಂದುಕೊಂಡು, ಅದೇ ದನಿಯಲ್ಲಿ ಶುರುಮಾಡಿದೆ.

'ನಿಮ್ಮ. ಮನೆಯವರು. ಬಿದ್ದ. ದಿನ...'

ಮೊದಲನೆಯ ಶಬ್ದಕ್ಕೇ ಅಪ್ಪನ ಕೈ ಹೊಟ್ಟೆಯ ಮೇಲೆ ಹೋಗಿತ್ತು. ನಗಲು ತಯಾರಾಗಿ ನನ್ನನ್ನು ನೋಡುತ್ತಿದ್ದರು. ಮುಖದಲ್ಲಿ ಎಂಥ ಆಸೆ!

ನಾನು ಮೈಕು ಆರಿಸಿದೆ. 'ಸಾಹೇಬ್ರು ಹೋದ್ರು ರೀ,' ಎಂದೆ. ಅವರು 'ಹೂಂ' ಎಂದರು. ಉಳಿದ ದಾರಿಯಲ್ಲಿ ಸೊಳ್ಳೆಯೊಂದೇ ಮಾತಾಡಿತು.

ಸಂಭಾಜಿನಗರದ ಸಿಡ್ಕೊ ಬಡಾವಣೆಯಲ್ಲಿ ಅಕ್ಕನ ಅಪಾರ್ಟ್‌ಮೆಂಟಿನ ಕೆಳಗೆ, ಪಾರ್ಕಿಂಗಿನ ನೆರಳಲ್ಲಿ ಕಾರು ನಿಲ್ಲಿಸಿ ಬಿಚ್ಚಲು ಕೂತೆ. ಮಧ್ಯಾಹ್ನವೇ ಕಾರು ಒಪ್ಪಿಸಬೇಕಿತ್ತು. ಅಕ್ಕ ಮೇಲಿನಿಂದ ಬಗ್ಗಿ 'ಏನಾಯ್ತು?' ಎಂದು ಕೈಯಲ್ಲಿ ಕೇಳಿದಳು. ನಾನು ಇಲ್ಲ ಎಂದು ಕೈಯಾಡಿಸಿದೆ. ಅವಳು ಹಣೆ ಚಚ್ಚಿಕೊಂಡಳು. ನಮ್ಮ ಮನೆಯಲ್ಲಿ ಇದೊಂದು ಭಾಷೆ ಇತ್ತೀಚೆಗೆ ಚೆನ್ನಾಗಿ ಬೆಳೆದಿತ್ತು.

ಅಪ್ಪ ಮೇಲೆ ಹೋಗಲಿಲ್ಲ. ವಾಚ್‌ಮನ್ನನ ಸ್ಟೂಲ್ ತಂದು ಪಕ್ಕದಲ್ಲಿ ಕೂತರು. ನಾನು ಬಾಗಿಲ ಪ್ಯಾನೆಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ ಕೊಟ್ಟೆ, ಅವರು ಅಂಗೈಯಲ್ಲಿ ಹಿಡಿದುಕೊಂಡರು, ಕೌಂಟರಿನಲ್ಲಿ ಚಿಲ್ಲರೆ ಹಿಡಿದ ಹಾಗೆ. ಹೊಸ ಸ್ಪೀಕರು ಹೊರಬಂತು, ಹಳೆಯದು ಅದರ ಜಾಗಕ್ಕೆ ಹೋಯಿತು. ಸೀಟಿನ ಕೆಳಗಿನ ಆಂಪ್ಲಿಫೈಯರ್, ಬ್ಯಾಟರಿಯ ವೈರು ಬಿಚ್ಚಿದೆ. ಕಪ್ಲರ್ ಎಳೆದೆ, ಬಿಟ್ಟುಕೊಟ್ಟಿತು. ಕಂಪನಿಯ ವೈರು ತನ್ನ ಹಳೆಯ ಜಾಗಕ್ಕೆ 'ಟಕ್' ಎಂದು ಕೂತಿತು. ಎಲ್ಲಿಯೂ ಒಂದು ಗೀರಿಲ್ಲ, ಒಂದು ತೂತಿಲ್ಲ. ಇಷ್ಟು ದಿನ ಈ ಕಾರಿನಲ್ಲಿ ಏನೂ ನಡೆದೇ ಇಲ್ಲ ಎಂಬಂತೆ.

ಅಪ್ಪ ಬಹಳ ಹೊತ್ತು ನೋಡಿ ಕೇಳಿದರು, 'ಇಷ್ಟೆಲ್ಲಾ ಯಾಕ ಹಾಕಿದ್ದಿ, ಯಾಕ ತೆಗೀಲತ್ತಿ?'

'ಗಾಡಿ ವಾಪಸ್ ಕೊಡಬೇಕ್ರಿ,' ಎಂದೆ ಮೆಲ್ಲಗೆ.

'ಹೂಂ,' ಎಂದರು.

ಅದೇ 'ಹೂಂ'. ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ನಾನು ಎದ್ದು ನಿಂತು ಒದರಿದೆ. ಹುಟ್ಟಿದಾಗಿನಿಂದ ಅಪ್ಪನೆದುರು ಎತ್ತದ ದನಿ; ಎಲ್ಲಿತ್ತೋ, ಯಾರದೋ ಎಂಬಂತೆ ಒಡೆದು ಹೊರಬಂತು.

'ನಿಮಗ ಕೇಳಸ್ಲಿ ಅಂತ ಹಾಕಿದ್ದೆ ರೀ! ಅವ್ವ ಬಿದ್ದಾಗ ನಿಮ್ಮನ್ನ ಕರದಿದ್ಳು! ಕರದು ಕರದು ಸಾಕಾಗಿತ್ತು ಆಕಿಗಿ! ನಿಮಗ ಕೇಳಸ್ಲಿಲ್ಲ!'

ಪಾರ್ಕಿಂಗಿನ ಕಂಬಗಳೆಲ್ಲ ಅದನ್ನೇ ತಿರುಗಿ ಹೇಳಿದವು. ವಾಚ್‌ಮನ್ ಓಡಿ ಬಂದ, 'ಕಾಯ್ ಝಾಲಂ, ಕಾಯ್ ಝಾಲಂ?' ಮೇಲಿನಿಂದ ಅಕ್ಕ, 'ಲೇ, ಅಪ್ಪಗ ಒದರ್ತಿಯೇನೋ!' ಎಂದು ಚೀರಿದಳು. ಅವಳೂ ಒದರುತ್ತಿದ್ದಾಳೆ ಎಂಬುದು ಅವಳಿಗೆ ತಿಳಿಯಲಿಲ್ಲ.

ಅಪ್ಪ ಕೈ ಎತ್ತಿ ಅಕ್ಕನನ್ನು ಸುಮ್ಮನಿರಿಸಿದರು. ಅವಳ ಮಾತು ಕೇಳಿಸಿರಲಿಕ್ಕಿಲ್ಲ. ನನ್ನ ಕಣ್ಣು ಮೇಲೆ ಹೋದದ್ದನ್ನು ನೋಡಿರಬೇಕು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮಗು ಲೆಕ್ಕ ತಪ್ಪಿ ಹಲಗೆಯ ಮುಂದೆ ನಿಂತ ಹಾಗಿದ್ದರು.

'ದನಿ ಕೇಳಸ್ತು,' ಎಂದರು. 'ಏನಂದಿ ಅನ್ನೂದು ತಿಳೀಲಿಲ್ಲ. ಇನ್ನೊಮ್ಮೆ ಹೇಳು.'

ಒದರುವುದು ಸುಲಭವಿತ್ತು. ಒಮ್ಮೆ ಒದರಿದ್ದನ್ನು ಇನ್ನೊಮ್ಮೆ, ನಿಧಾನವಾಗಿ, ಅವರ ಕಣ್ಣು ನೋಡುತ್ತ ಹೇಳುವುದಿದೆಯಲ್ಲ, ಅದಕ್ಕಿಂತ ಆ ಕಾರನ್ನು ನಾಸಿಕ್‌ವರೆಗೆ ತಳ್ಳಿಕೊಂಡು ಹೋಗುತ್ತಿದ್ದೆ. ನಾನು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಯಾರ ದನಿಯನ್ನೂ ತೆಗೆಯಲಿಲ್ಲ. ಗಂಟಲಲ್ಲಿ ಇದ್ದದ್ದೇ ಬಂತು.

'ಅವ್ವ ಬಿದ್ದಾಗ. ನಿಮ್ಮನ್ನ. ಕರದಿದ್ಳು ರೀ.'

ಅವರ ತುಟಿ ನನ್ನ ಮಾತನ್ನು ಸದ್ದಿಲ್ಲದೆ ಹೇಳಿಕೊಂಡು ನೋಡಿತು. ಆಮೇಲೆ ನಿಂತಿತು.

'ನಾ ಎಲ್ಲಿದ್ದೆ?'

'ಹೊರಗಿನ ಖೋಲ್ಯಾಗ. ಪೇಪರ್ ಓದ್ತಿದ್ರಿ.'

'ಬಾಳ ಹೊತ್ತು ಕರದ್ಳೇನು?'

ಸುಳ್ಳು ಹೇಳಬಹುದಿತ್ತು. ನನ್ನ ಬಾಯಲ್ಲಿ ಬಂದದ್ದು 'ಹೂಂ'.

ಅಪ್ಪ ಅಂಗೈಯಲ್ಲಿದ್ದ ಕ್ಲಿಪ್ಪುಗಳನ್ನು ನೋಡುತ್ತ ಕೂತರು. ಒಂದನ್ನು ಬೆರಳಲ್ಲಿ ತಿರುಗಿಸಿದರು. ಅವ್ವ ಹೇಳಿದ್ದೇ ಆಗುತ್ತದೆ, ಇನ್ನು ಇವರು ಅನ್ನ ಬಿಡುತ್ತಾರೆ, ಮಾತೂ ಬಿಡುತ್ತಾರೆ, ಎಲ್ಲ ನನ್ನಿಂದ ಎಂದುಕೊಂಡೆ. ಅವರು ಆ ಕ್ಲಿಪ್ಪನ್ನು ನನ್ನ ಕೈಗಿಟ್ಟು, 'ಇದು ಎಲ್ಲಿದು, ಹಾಕು,' ಎಂದರು. ಎಲ್ಲವನ್ನೂ ಹಾಕಿ ಮುಗಿಸುವವರೆಗೆ ಒಂದೊಂದಾಗಿ ಕೊಡುತ್ತಲೇ ಇದ್ದರು. ಕೊನೆಯದನ್ನು ಕೊಡುವಾಗ, ಪ್ಯಾನೆಲಿನ ಕಡೆ ನೋಡುತ್ತಲೇ, 'ಡಾಕ್ಟರ್ ಇಲ್ಲೂ ಇರ್ಬೇಕಲ್ಲ ಯಾರರ?' ಎಂದರು.

ಆಫೀಸಿನಲ್ಲಿ ಕಾರನ್ನು ಸುತ್ತು ಹಾಕಿ ನೋಡಿದರು, ಸ್ಟೀರಿಯೊ ಹಚ್ಚಿ ಆರಿಸಿದರು, 'ಏಕದಂ ಓಕೆ' ಎಂದು ಕೀಲಿ ಇಟ್ಟುಕೊಂಡರು. ಅಲ್ಲಿಂದ ರಿಕ್ಷಾ ಹಿಡಿದು ನಾನೂ ಅಪ್ಪನೂ ಕ್ಲಿನಿಕ್ಕಿಗೆ ಹೋದೆವು. ರಿಕ್ಷಾದ ಸದ್ದಿನಲ್ಲಿ ಮಾತಾಡುವ ಪ್ರಶ್ನೆಯೇ ಇರಲಿಲ್ಲ.

ಪರೀಕ್ಷೆಯ ಕೋಣೆಗೆ ಒಂದು ದಪ್ಪ ಗಾಜು ಇತ್ತು. ಅಪ್ಪ ಒಳಗೆ, ಕಿವಿಯ ಮೇಲೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗ ಹೆಬ್ಬೆರಳಲ್ಲಿ ಒತ್ತಬೇಕು. ಹೊರಗೆ ಯಂತ್ರದ ಮುಂದೆ ಕೂತ ಹುಡುಗಿ ಒಂದೊಂದೇ ಸದ್ದು ಕಳಿಸುತ್ತಿದ್ದಳು. ಅವು ನನಗೆ ಕೇಳುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಅಪ್ಪನ ಹೆಬ್ಬೆರಳು.

ಅದು ಒತ್ತಿತು. ಮತ್ತೆ ಒತ್ತಿತು. ಲಯ ಹಿಡಿದಂತೆ ಒತ್ತುತ್ತಲೇ ಹೋಯಿತು. ನನಗೆ ಜೀವ ಬಂದಂತಾಯಿತು. ಹುಡುಗಿ ಮಾತ್ರ ಹುಬ್ಬು ಗಂಟಿಕ್ಕಿ ಕೈ ನಿಲ್ಲಿಸಿದಳು. ಸದ್ದು ನಿಂತ ಮೇಲೂ ಹೆಬ್ಬೆರಳು ಒತ್ತುತ್ತಿತ್ತು.

ಅವಳು ಬಾಗಿಲು ತೆರೆದು ಒಳಗೆ ಹೋಗಿ, ಬಗ್ಗಿ, ಬಾಯಿ ಅಗಲವಾಗಿ ತೆರೆದು ಹೇಳಿದಳು, 'ಕಾಕಾ, ಐಕೂ ಆಲಂ ತರಚ್ ದಾಬಾ. ನಾಹೀ ಆಲಂ ತರ್ ನಕೋ.' ಕೇಳಿಸಿದರೆ ಮಾತ್ರ ಒತ್ತಿ, ಕೇಳದಿದ್ದರೆ ಬೇಡ.

ಅಪ್ಪ ಗಾಜಿನ ಈಚೆಗಿದ್ದ ನನ್ನನ್ನು ನೋಡಿದರು. ನಾನು ನಗಿಸುವ ಮುಖ ಮಾಡಲು ಹೋದೆ, ಆಗಲಿಲ್ಲ. ಅವರು ಹೆಬ್ಬೆರಳನ್ನು ಗುಂಡಿಯಿಂದ ಮೇಲೆತ್ತಿ ಹಿಡಿದರು.

ಹುಡುಗಿ ಮತ್ತೆ ಸದ್ದು ಕಳಿಸಲು ಶುರುಮಾಡಿದಳು. ಹೆಬ್ಬೆರಳು ಹಾಗೆಯೇ ನಿಂತಿತ್ತು. ಅವಳು ಇನ್ನೊಂದು ಕಳಿಸಿದಳು. ನಿಂತಿತ್ತು. ಇನ್ನೊಂದು.